ಎಡಗೋಪುರದ ತಪ್ಪು ಗಡಿಯಾರ

ಅನಾಹುತಕ್ಕೆಲ್ಲ ಕಾರಣ ಒಂದು ಚಮಚ ಎಣ್ಣೆ. ಅದೂ ಹೊಸ ಎಣ್ಣೆಯಲ್ಲ, ಟ್ಯೂನಾ ಮೀನಿನ ಡಬ್ಬಿಯ ತಳದಲ್ಲಿ ಉಳಿದದ್ದು.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ವಿಸ್ಟಿನ್ ಬ್ರೆಡ್ಡಿಗೆ ಟೊಮೆಟೊ ಉಜ್ಜಿ, ಮೇಲೆ ಟ್ಯೂನಾ ಹರಡಿ, ನಿಂತುಕೊಂಡೇ ತಿಂದು ಮುಗಿಸಿದ. ಡಬ್ಬಿ ಎಸೆಯಲು ಹೊರಟಾಗ ಹೆಂಡತಿ ಪಾವ್ಲಾ ಅಡ್ಡ ಬಂದಳು.

"ಎಣ್ಣೆ ಸಮೇತ ಎಸೀತೀಯಾ? ಆ ಗೋಪುರದ ಬಾಗಿಲು ಹೆರಿಗೆ ನೋವು ಬಂದ ಕತ್ತೆ ಥರ ಕಿರುಚುತ್ತೆ. ಅದಕ್ಕಾದ್ರೂ ಹಾಕು."

"ಚರ್ಚೆಲ್ಲ ಮೀನು ನಾತ ಹೊಡೆಯುತ್ತೆ ಕಣೆ."

"ಹೊಡೀಲಿ. ನಿನ್ನ ಶರಟಿನ ನಾತಕ್ಕಿಂತ ವಾಸಿ. ಇವತ್ತು ಆಫೀಸಿನವರು ಬರ್ತಾರೆ, ನೆನಪಿದೆ ತಾನೆ? ಹೋಗು, ಪಾರಿವಾಳದ ಹಿಕ್ಕೆ ಎಲ್ಲ ಒರೆಸಿ ಬಾ. ನಾನು ಮಹಡಿ ಮೇಲಿನ ಹಾಸಿಗೆಗಳಿಗೆ ಹೊದಿಕೆ ಬದಲಾಯಿಸ್ಬೇಕು."

ವಿಸ್ಟಿನ್ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಟ. ಐನ್ ಹರೂಬ್ ಊರಿನ ಚರ್ಚಿನಲ್ಲಿ ಗಂಟೆ ಬಾರಿಸುವವನು, ಮೇಣದ ಬತ್ತಿ ಹಚ್ಚುವವನು, ನೆಲ ಗುಡಿಸುವವನು, ಬಾಗಿಲು ಹಾಕುವವನು ಎಲ್ಲ ಅವನೇ. ಇಪ್ಪತ್ತೆರಡು ವರ್ಷದಿಂದ ಆ ಕೆಲಸ ಮಾಡುತ್ತಿದ್ದರೂ ಏನಾದರೂ ಸರಿ ಹೋದಾಗ ಅದನ್ನು ಮಾಡಿದವನು ಚರ್ಚಿನ ಸಂತ ಪುಬ್ಲಿಯು, ಕೆಟ್ಟಾಗ ಮಾಡಿದವನು ವಿಸ್ಟಿನ್ ಎಂದು ಊರು ತೀರ್ಮಾನಿಸಿಬಿಟ್ಟಿತ್ತು.

ಆ ಚರ್ಚಿಗೆ ಎರಡು ಗೋಪುರ, ಎರಡು ಗಡಿಯಾರ. ಬಲಗೋಪುರದ್ದು ಊರವರಿಗೆ, ಅದರಲ್ಲಿ ಸರಿಯಾದ ಟೈಮು. ಎಡಗೋಪುರದ್ದು ಸೈತಾನನಿಗೆ, ಅದರಲ್ಲಿ ತಪ್ಪು ಟೈಮು. ಸಾಯುವವರ ಆತ್ಮ ಎತ್ತಿಕೊಂಡು ಹೋಗಲು ಬರುವ ಸೈತಾನ ಎರಡನ್ನೂ ನೋಡಿ ತಲೆ ಕೆಟ್ಟು ಬರಿಗೈಲಿ ವಾಪಸ್ಸು ಹೋಗಲಿ ಎಂದು ಹಿಂದಿನವರು ಮಾಡಿದ ಏರ್ಪಾಡು. ದ್ವೀಪದ ಬೇರೆ ಊರುಗಳಲ್ಲೂ ಇಂಥವು ಇವೆ. ಆದರೆ ಸುತ್ತಮುತ್ತಲ ಊರುಗಳಲ್ಲಿ ತಪ್ಪು ಗಡಿಯಾರವೆಂದರೆ ಗೋಡೆಗೆ ಬಳಿದ ಬರೀ ಚಿತ್ರ. ಐನ್ ಹರೂಬಿನದು ನಿಜವಾದ ಗಡಿಯಾರ, ನಿಜವಾದ ಮುಳ್ಳುಗಳು, ನಿಜವಾಗಿಯೂ ಕೆಟ್ಟದ್ದು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಿಂತು ಎಷ್ಟು ತಲೆಮಾರಾಯಿತೆಂದು ಯಾರಿಗೂ ನೆನಪಿರಲಿಲ್ಲ.

ಈಗ ಅದನ್ನು ಸೈತಾನನಿಗಿಂತ ಪ್ರವಾಸಿಗರೇ ಹೆಚ್ಚು ನೋಡುತ್ತಿದ್ದರು. ಊರಿನ ಹೊಲಗಳಲ್ಲಿ ಕಳ್ಳಿ ಬೆಳೆದಿತ್ತು, ಟೊಮೆಟೊ ಸಿಸಿಲಿಯಿಂದ ಬರುತ್ತಿತ್ತು, ಮೀನು ಡಬ್ಬಿಯಲ್ಲಿ ಬರುತ್ತಿತ್ತು. ಉಳಿದದ್ದು ಒಂದೇ ಬೆಳೆ: ಮಧ್ಯಾಹ್ನ ಮೂರು ನಲವತ್ತಕ್ಕೆ ಬಂದು ನಾಲ್ಕೂವರೆಗೆ ಹೊರಡುವ ಪ್ರವಾಸಿ ಬಸ್ಸು. ಹಡಗುಕಟ್ಟೆಗೆ ಹೋಗಲು ದಿನಕ್ಕೆ ಅದೊಂದೇ. ಪ್ರವಾಸಿಗರು ಇಳಿಯುತ್ತಿದ್ದರು, ಗಡಿಯಾರದ ಮುಂದೆ ಹಲ್ಲು ಕಿರಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು, ನಾಲ್ಕು ಹತ್ತು ತೋರಿಸುವ ಪುಟ್ಟ ಗಡಿಯಾರದ ಅಯಸ್ಕಾಂತ ಕೊಂಡು ಫ್ರಿಜ್ಜಿಗೆ ಅಂಟಿಸಲು ಒಯ್ಯುತ್ತಿದ್ದರು. ಏಳೆಂಟು ಜನ ಬಂಡೆಯ ಕಡೆ ಸಮುದ್ರ ನೋಡಲು ಹೋಗಿ ಬಸ್ಸು ತಪ್ಪಿಸಿಕೊಂಡು ಪೇಚಾಡುತ್ತಿದ್ದರು. ಪ್ರವಾಸಿಗರಿಗೆ ದೇವರು ದುಡ್ಡು ಕೊಟ್ಟಿದ್ದಾನೆ, ಬುದ್ಧಿ ಕೊಟ್ಟಿಲ್ಲ ಎಂದು ಊರವರು ನಗುತ್ತಿದ್ದರು.

ಕಳೆದ ವಾರ ಬಸ್ಸುಗಳ ದಾರಿ ಗೊತ್ತುಮಾಡುವ ಕಚೇರಿಯಿಂದ ಪಾದ್ರಿ ದುನ್ ಆಂಜ್ ಅವರಿಗೆ ಎರಡು ಸಾಲಿನ ಕಾಗದ ಬಂದಿತ್ತು. ಗುರುವಾರದ ಬಸ್ಸಿನಲ್ಲಿ ಅಧಿಕಾರಿ ಬರುತ್ತಾರೆ, ಗಡಿಯಾರ ನೋಡುತ್ತಾರೆ, ಐನ್ ಹರೂಬಿನಲ್ಲಿ ಬಸ್ಸು ನಿಲ್ಲಬೇಕೋ ಬೇಡವೋ ಅವತ್ತೇ ತೀರ್ಮಾನ. ಪಕ್ಕದ ಊರಿನವರು ಈಚೆಗೆ ಬಂಡೆಯೊಂದರ ಮೇಲೆ ಸಂತನ ಹೆಜ್ಜೆಗುರುತು ಪತ್ತೆ ಮಾಡಿದ್ದರು. ಹೆಜ್ಜೆಯ ಅಡಿಯಲ್ಲಿದ್ದ ಗೆರೆಗಳನ್ನು ನೋಡಿದರೆ ಸಂತ ರಬ್ಬರ್ ಬೂಟು ಹಾಕಿದ್ದನೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೂ ಬಸ್ಸು ಅಲ್ಲಿಗೆ ಹೋದೀತೆಂಬ ಭಯವೆಂದರೆ ಭಯವೇ.

"ಬಸ್ಸು ಬರೋದು ನಿಂತರೆ ಹುಂಡಿಗೆ ಬೀಳೋ ಕಾಸು ನಿಲ್ಲುತ್ತೆ. ಹುಂಡಿ ಕಾಸು ನಿಂತರೆ ನಿನ್ನ ಸಂಬಳ ನಿಲ್ಲುತ್ತೆ. ಇಷ್ಟು ತಿಳ್ಕೊಂಡಿರು," ಎಂದಿದ್ದರು ದುನ್ ಆಂಜ್.

ಅಷ್ಟನ್ನು ತಿಳಿದುಕೊಂಡೇ ವಿಸ್ಟಿನ್ ತೊಂಬತ್ತೆರಡು ಮೆಟ್ಟಿಲು ಹತ್ತಿದ. ಬಾಗಿಲಿನ ತಿರುಗಣೆಗೆ ಎಣ್ಣೆ ಹಾಕಿದ. ಗಡಿಯಾರದ ಮುಖ ಒರೆಸಿದ. ಹಿಂದುಗಡೆ ಹಲ್ಲುಚಕ್ರಗಳ ನಡುವೆ ಪಾರಿವಾಳದ ಹಳೇ ಗೂಡೊಂದು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಅಧಿಕಾರಿ ಮೇಲೆ ಹತ್ತಿ ಬಂದರೆ ಗಲೀಜು ಕಾಣಬಾರದೆಂದು ಅದನ್ನು ಕಿತ್ತು ಎಸೆದ. ಡಬ್ಬಿಯಲ್ಲಿ ಇನ್ನೊಂದು ಚಮಚದಷ್ಟು ಎಣ್ಣೆ ಉಳಿದಿತ್ತು. ಸುಮ್ಮನೆ ಯಾಕೆ ಹಾಳು ಮಾಡುವುದೆಂದು ಚಕ್ರಗಳ ಮೇಲೆ ಸುರಿದ.

ಗಡಿಯಾರ 'ಟಕ್' ಎಂದಿತು.

ವಿಸ್ಟಿನ್ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. 'ಟಕ್' ಎಂದಿತು ಮತ್ತೆ. ಆಮೇಲೆ, ನೂರು ವರ್ಷ ನಿದ್ದೆ ಮಾಡಿ ಎದ್ದ ಮುದುಕಿ ಮಾತು ಶುರು ಮಾಡಿದ ಹಾಗೆ, ಟಕ್ ಟಕ್ ಟಕ್ ಟಕ್ ಎಂದು ನಿಲ್ಲಿಸದೇ ಓಡತೊಡಗಿತು.

"ಸ್ವಾಮೀ ಸಂತ ಪುಬ್ಲಿಯು, ನಿಲ್ಲಿಸಪ್ಪ," ಎಂದ ವಿಸ್ಟಿನ್. ಸಂತ ಕೇಳಿಸಿಕೊಳ್ಳಲಿಲ್ಲ.

ಕೆಳಗಿಳಿದು, ಏನೂ ಆಗಿಲ್ಲವೆಂಬಂತೆ ಪೊರಕೆ ಹಿಡಿದು ಚರ್ಚಿನ ಮೆಟ್ಟಿಲು ಗುಡಿಸುತ್ತ ನಿಂತ. ಯಾರೂ ತಲೆಯೆತ್ತಿ ನೋಡದಿದ್ದರೆ ಸಾಕು ಎಂದುಕೊಂಡ. ಆದರೆ ಚೌಕದ ಕಲ್ಲುಬೆಂಚಿನ ಮೇಲೆ ಕೂತಿದ್ದ ಸಾಲ್ವು ತಾತನಿಗೆ ಆ ಗಡಿಯಾರ ನೋಡುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ತೊಂಬತ್ತನಾಲ್ಕು ವರ್ಷದ ತಾತನ ಲೆಕ್ಕ ಸರಳವಾಗಿತ್ತು. ದಿನಾ ಸಂಜೆ ನಾಲ್ಕು ಹತ್ತಕ್ಕೆ ಮಾತ್ರ ಎರಡೂ ಗಡಿಯಾರ ಒಂದೇ ಟೈಮು ತೋರಿಸುತ್ತವೆ. ಸೈತಾನನಿಗೆ ದಾರಿ ತಿಳಿಯುವುದು ಆ ಒಂದು ನಿಮಿಷ ಮಾತ್ರ. ಆಗ ಶಿಲುಬೆ ಹಿಡಿದು, ಉಸಿರು ಬಿಗಿಹಿಡಿದು ಕೂತರೆ ಉಳಿದ ಹೊತ್ತೆಲ್ಲ ನಿಶ್ಚಿಂತೆ. ಬೆಳಗಿನ ಜಾವದ ನಾಲ್ಕು ಹತ್ತಕ್ಕೆ ಸೈತಾನನೂ ಮಲಗಿರುತ್ತಾನೆ ಎಂಬುದು ಅವನ ನಂಬಿಕೆ.

"ವಿಸ್ಟಿನ್! ಏ ವಿಸ್ಟಿನ್! ಸೈತಾನನ ಗಡಿಯಾರ ಐದು ಗಂಟೆ ತೋರಿಸ್ತಿದೆಯಲ್ಲೋ!"

"ಬಿಸಿಲಿಗೆ ನಿಂಗೆ ಹಾಗೆ ಕಾಣುತ್ತೆ ತಾತ."

"ಬೆಳಿಗ್ಗೆ ಎಂಟೂವರೆಗೆ ಎಲ್ಲಿ ಬಿಸಿಲೋ? ನೋಡು, ಮುಳ್ಳು ನಡೀತಿದೆ! ನನ್ನ ಕಣ್ಣು ಹೋಗಿರಬಹುದು, ಅಷ್ಟೊಂದು ಹೋಗಿಲ್ಲ."

ಹತ್ತು ನಿಮಿಷದಲ್ಲಿ ಅರ್ಧ ಊರು ಚೌಕದಲ್ಲಿತ್ತು. ಹೋಟೆಲಿನ ಚೆನ್ಸು ಮೊಲದ ಮಾಂಸ ಕೊಚ್ಚುತ್ತಿದ್ದ ಕತ್ತಿ ಸಮೇತ ಓಡಿಬಂದ. ಟ್ಯಾಕ್ಸಿ ಓಡಿಸುವ ಲೇಲಿ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡೇ ಬಂದ. ಪಾವ್ಲಾ ಬಂದು ಗಂಡನ ಮುಖ ನೋಡಿದಳು, ಆಮೇಲೆ ಅವನ ಕಾಲ ಬಳಿಯಿದ್ದ ಖಾಲಿ ಡಬ್ಬಿ ನೋಡಿದಳು.

"ಬಾಗಿಲಿಗೆ ಹಾಕು ಅಂದಿದ್ದೆ."

"ಬಾಗಿಲಿಗೂ ಹಾಕ್ದೆ."

"ಆಗಿದ್ದಾದ್ರೂ ಏನು ಈಗ?" ಎಂದ ಲೇಲಿ, ನೊರೆ ಉಗುಳಿ. "ಓಡಿದ್ರೂ ಅದು ತಪ್ಪು ಟೈಮೇ ತಾನೆ? ಮೂರೂವರೆ ಗಂಟೆ ಹಿಂದಿದೆ. ತಪ್ಪು ಅಂದ್ರೆ ತಪ್ಪು."

"ನಿನ್ನ ತಲೆ," ಎಂದ ಚೆನ್ಸು. "ಇಷ್ಟು ಗಂಟೆ ಹಿಂದೆ ಅಂತ ಗೊತ್ತಾದ್ರೆ ಸೈತಾನ ಕೂಡಿ ಕಳೆದು ಸರಿಯಾದ ಟೈಮ್ ಹಿಡಿಯಲ್ವಾ? ಅವನೇನು ನಿನ್ನ ಹಾಗೆ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನಾ?"

"ಅಯಸ್ಕಾಂತ!" ಪಾವ್ಲಾ ಕಿರುಚಿದಳು. "ನನ್ನ ಅಂಗಡಿ ಅಯಸ್ಕಾಂತದಲ್ಲೆಲ್ಲ ನಾಲ್ಕು ಹತ್ತು ಇದೆ! ಪೋಸ್ಟ್ ಕಾರ್ಡಲ್ಲಿ ನಾಲ್ಕು ಹತ್ತು! ಆ ಅಧಿಕಾರಿ ಬಂದು ನೋಡಿದಾಗ ಏಳೂವರೆನೋ ಒಂಬತ್ತೋ ಇದ್ರೆ, ಇವರು ಜನಕ್ಕೆ ಮೋಸ ಮಾಡ್ತಿದ್ದಾರೆ ಅಂತ ಬರೀತಾರೆ!"

ದುನ್ ಆಂಜ್ ಬೆಳಗಿನ ಪೂಜೆಯ ನಿಲುವಂಗಿಯಲ್ಲೇ ಹೊರಬಂದು ತಲೆಯೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು.

"ವಿಸ್ಟಿನ್."

"ಪಾದ್ರಿಗಳೇ."

"ಮೂರು ನಲವತ್ತರ ಒಳಗೆ ಅದು ನಾಲ್ಕು ಹತ್ತಕ್ಕೆ ನಿಂತಿರಬೇಕು. ಇಲ್ಲದಿದ್ರೆ ನಾಳೆಯಿಂದ ಚರ್ಚು ಗುಡಿಸೋಕೆ ನಾನೇ ಕಲಿತೀನಿ."

ವಿಸ್ಟಿನ್‌ನ ಮೊದಲ ಉಪಾಯ ಸಹಜವಾಗಿತ್ತು. ಗೂಡು ತೆಗೆದದ್ದರಿಂದ ಓಡಿತು, ಗೂಡು ಇಟ್ಟರೆ ನಿಲ್ಲಬೇಕು. ಎಸೆದ ಗೂಡನ್ನು ಕಸದಿಂದ ಹುಡುಕಿ ತಂದು ಚಕ್ರಗಳ ನಡುವೆ ತುರುಕಿದ. ಎಣ್ಣೆ ಕುಡಿದ ಗಡಿಯಾರ ಅದನ್ನು ಹಪ್ಪಳದ ಹಾಗೆ ಅಗಿದು ಉಗುಳಿತು. ಕೆಳಗೆ ನಿಂತವರ ತಲೆಯ ಮೇಲೆ ಕಡ್ಡಿ, ಪುಕ್ಕ, ಹಳೇ ಹಿಕ್ಕೆ ಸುರಿಯಿತು. ಎರಡನೇ ಉಪಾಯಕ್ಕೆ ಪಾವ್ಲಾ ಬಟ್ಟೆ ಒಣಹಾಕುವ ಹಗ್ಗ ಕೊಟ್ಟಳು. ಅದನ್ನು ಚಕ್ರಕ್ಕೆ ಕಟ್ಟುವಷ್ಟರಲ್ಲಿ ವಿಸ್ಟಿನ್‌ಗೆ ಕಾಲಿನ ಹತ್ತಿರ ಏನೋ ಮೆತ್ತಗೆ ತಾಗಿತು. ಬೆಕ್ಕು. ಅದರ ಹಿಂದೆ ಇನ್ನೊಂದು. ಮೆಟ್ಟಿಲಿನ ಉದ್ದಕ್ಕೂ ಊರಿನ ಬೆಕ್ಕುಗಳೆಲ್ಲ ಟ್ಯೂನಾ ವಾಸನೆ ಹಿಡಿದು, ಹಬ್ಬದ ಮೆರವಣಿಗೆಯಲ್ಲಿ ಬರುವವರ ಹಾಗೆ ಸಾಲಾಗಿ ಹತ್ತಿ ಬರುತ್ತಿದ್ದವು. ಅವನ್ನು ಓಡಿಸುವ ಗಲಾಟೆಯಲ್ಲಿ ಹಗ್ಗ ಚಕ್ರಕ್ಕೆ ಸುತ್ತಿಕೊಂಡು, ಹಗ್ಗದ ಇನ್ನೊಂದು ತುದಿಯಲ್ಲಿ ಕ್ಲಿಪ್ಪಿಗೆ ಸಿಕ್ಕಿಕೊಂಡೇ ಬಂದಿದ್ದ ಪಾವ್ಲಾಳ ಲಂಗವೊಂದು ಗಡಿಯಾರದ ಕಿಂಡಿಯಿಂದ ಹೊರಗೆ ಬಾವುಟದಂತೆ ಹಾರಾಡಿತು.

"ಇಡೀ ಊರಿಗೆ ತೋರಿಸು, ತೋರಿಸು!" ಎಂದು ಪಾವ್ಲಾ ಕೆಳಗಿನಿಂದ ಕೂಗಿದಳು.

"ಚೆನ್ನಾಗಿದೆ ಪಾವ್ಲಾ!" ಎಂದ ಲೇಲಿ. "ಹಬ್ಬಕ್ಕೆ ತೋರಣ ಕಟ್ಟೋ ಖರ್ಚು ಉಳೀತು."

ಹನ್ನೊಂದು ಗಂಟೆಗೆ ಲೇಲಿ ತನ್ನ ಟ್ಯಾಕ್ಸಿಯ ಸ್ಪ್ಯಾನರ್ ಹಿಡಿದು ಮೇಲೆ ಬಂದ. ತಾನು ಎಂಜಿನ್ನು ಬಿಚ್ಚಿ ಜೋಡಿಸಿದವನು, ಇದೇನು ಮಹಾ ಎಂದ. ಅವನ ಟ್ಯಾಕ್ಸಿಯ ಎಂಜಿನ್ನು ಜೋಡಿಸಿದ ಮೇಲೆ ಮೂರು ನಟ್ಟು ಉಳಿದಿದ್ದವು ಎಂಬ ವಿಷಯ ವಿಸ್ಟಿನ್‌ಗೆ ಗೊತ್ತಿತ್ತು, ಆದರೆ ಹೇಳುವ ಧೈರ್ಯವಿರಲಿಲ್ಲ. ಲೇಲಿ ಏನನ್ನೋ ಸಡಿಲ ಮಾಡಿದ. ಮುಳ್ಳುಗಳು ಗರಗರನೆ ಬುಗುರಿಯ ಹಾಗೆ ಸುತ್ತಿ, ಸುತ್ತಿ, ತಾವಾಗಿಯೇ ಒಂದು ಕಡೆ ನಿಂತು, ಮತ್ತೆ ನಿಧಾನವಾಗಿ ನಡೆಯತೊಡಗಿದವು.

"ಎಷ್ಟು ತೋರಿಸ್ತಿದೆ?" ಲೇಲಿ ಕಿಂಡಿಯಿಂದ ಕೂಗಿದ.

ಕೆಳಗೆ ಚೆನ್ಸು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದ.

"ಹನ್ನೊಂದು ಇಪ್ಪತ್ತು," ಎಂದ ಚೆನ್ಸು ಕೊನೆಗೆ, ಸತ್ತ ದನಿಯಲ್ಲಿ.

"ಈಗ ಟೈಮೆಷ್ಟು?"

"ಹನ್ನೊಂದು ಇಪ್ಪತ್ತು."

ಸೈತಾನನ ಗಡಿಯಾರ ಸರಿಯಾದ ಟೈಮು ತೋರಿಸುತ್ತಿತ್ತು. ಎಲ್ಲರೂ ಫೋನು ತೆಗೆದು ನೋಡಿದರು, ನಿಮಿಷಕ್ಕೆ ನಿಮಿಷ ಸರಿ. ಇನ್ನೂ ಕೆಟ್ಟದ್ದೆಂದರೆ ಬಲಗೋಪುರದ ಗಡಿಯಾರ ಹನ್ನೊಂದು ಹದಿಮೂರು ತೋರಿಸುತ್ತಿತ್ತು. ದೇವರ ಗಡಿಯಾರ ಏಳು ನಿಮಿಷ ಹಿಂದೆ ಬಿದ್ದು ಎಷ್ಟು ಕಾಲವಾಗಿತ್ತೋ, ಹೋಲಿಸಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ಪೂಜೆ ಏಳು ನಿಮಿಷ ತಡವಾಗಿ ನಡೀತಿತ್ತಾ?" ಎಂದ ಚೆನ್ಸು.

"ಪೂಜೆ ಯಾವತ್ತೂ ತಡ ಆಗಲ್ಲ," ಎಂದರು ದುನ್ ಆಂಜ್. "ಟೈಮು ಬೇಗ ಬಂದಿರುತ್ತೆ." ಆಮೇಲೆ ವಿಸ್ಟಿನ್‌ನನ್ನು ಪಕ್ಕಕ್ಕೆ ಕರೆದು, ಯಾರಿಗೂ ಹೇಳದೆ ಬಲಗಡಿಯಾರವನ್ನು ಏಳು ನಿಮಿಷ ಮುಂದಿಡಲು ಹೇಳಿದರು.

ಸಾಲ್ವು ತಾತ ಬೆಂಚಿನಿಂದ ಏಳಲು ನೋಡಿ, ಆಗದೆ ಮತ್ತೆ ಕೂತ. "ಎರಡೂ ಸರಿಯಿದ್ರೆ ಸೈತಾನನಿಗೆ ಇಡೀ ದಿನ ದಾರಿ ತೆರೆದಿರುತ್ತಲ್ಲೋ! ನಾನು ಬೆಳಗಿಂದ ರಾತ್ರಿ ತನಕ ಉಸಿರು ಬಿಗಿ ಹಿಡ್ಕೊಂಡಿರ್ಲಾ?"

"ಪ್ರಯತ್ನ ಮಾಡು ತಾತ," ಎಂದ ಲೇಲಿ. "ಐದು ನಿಮಿಷ ಹಿಡಿದ್ರೆ ಸಾಕು, ಮತ್ತೆ ಯಾವತ್ತೂ ಹಿಡೀಬೇಕಾಗಲ್ಲ."

ಮೂರು ಗಂಟೆಯಾಯಿತು. ಸ್ಪ್ಯಾನರ್ ಸೋತಿತ್ತು, ಹಗ್ಗ ಸೋತಿತ್ತು, ದುನ್ ಆಂಜ್ ಎರಚಿದ ತೀರ್ಥದ ನೀರಿನಿಂದ ಗಡಿಯಾರ ಇನ್ನಷ್ಟು ಹುರುಪಿನಿಂದ ಓಡುತ್ತಿತ್ತು. ಗೋಪುರದ ಇಕ್ಕಟ್ಟಿನಲ್ಲಿ ವಿಸ್ಟಿನ್, ಲೇಲಿ, ಪಾದ್ರಿ ಮೂವರೂ ಬೆವತು ನಿಂತಿದ್ದರು. ಲೇಲಿಯ ಕೈಯಲ್ಲಿ ಕಲ್ಲು ಒಡೆಯುವ ಸುತ್ತಿಗೆ ಇತ್ತು.

"ಪಾದ್ರಿಗಳೇ, ಒಂದೇ ಏಟು," ಎಂದ ಲೇಲಿ.

"ಅದು ಪೂರ್ತಿ ಕೆಟ್ಟುಹೋಗಲ್ವಾ?" ಎಂದ ವಿಸ್ಟಿನ್.

"ಕೆಡಲಿ ಅಂತಾನೆ ತಾನೆ ಬೆಳಗಿಂದ ಒದ್ದಾಡ್ತಿರೋದು?"

ದುನ್ ಆಂಜ್ ಗೋಡೆಯ ಕಡೆ ಮುಖ ತಿರುಗಿಸಿ ಜಪಮಾಲೆ ತೆಗೆದರು. "ನಾನು ಪ್ರಾರ್ಥನೆಯಲ್ಲಿದ್ದೀನಿ. ನಂಗೇನೂ ಕೇಳಿಸಲ್ಲ."

ಲೇಲಿ ಹೊಡೆದ. ದೊಡ್ಡ ಚಕ್ರದ ನಾಲ್ಕು ಹಲ್ಲು ಹಾರಿ ಕಿಂಡಿಯಿಂದ ಆಚೆ ಹೋದವು. ಗಡಿಯಾರ ಬಿಕ್ಕಳಿಸಿ ನಿಂತಿತು. ಮುಳ್ಳುಗಳು ಈಗ ಯಾವ ಹಿಡಿತವೂ ಇಲ್ಲದೆ ಕೈಯಿಂದ ತಿರುಗಿಸಿದರೆ ತಿರುಗುತ್ತಿದ್ದವು, ಬಿಟ್ಟಲ್ಲಿ ನಿಲ್ಲುತ್ತಿದ್ದವು. ವಿಸ್ಟಿನ್ ಚಿಕ್ಕ ಚಕ್ರ ಹಿಡಿದು ಮೆಲ್ಲಗೆ ತಿರುಗಿಸಿ, ಕೆಳಗಿನಿಂದ ಪಾವ್ಲಾ ಅಯಸ್ಕಾಂತವೊಂದನ್ನು ಎತ್ತಿ ಹಿಡಿದು "ಇನ್ನೊಂಚೂರು... ಇನ್ನೊಂಚೂರು... ಅಷ್ಟೇ!" ಎನ್ನುವವರೆಗೂ ಸರಿಸಿ, ಕೈ ಬಿಟ್ಟ. ನಾಲ್ಕು ಹತ್ತು. ಮೂರು ಮೂವತ್ತೈದಕ್ಕೆ ಇಡೀ ಊರು ಚಪ್ಪಾಳೆ ತಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ವಿಸ್ಟಿನ್‌ನ ಬೆನ್ನು ತಟ್ಟಿದ ದುನ್ ಆಂಜ್, ಕೈಗೆ ಅಂಟಿದ ಮೀನೆಣ್ಣೆಯನ್ನು ಅವನ ಶರಟಿಗೇ ಒರೆಸಿಕೊಂಡರು.

ಬಸ್ಸು ಬಂತು. ಇಪ್ಪತ್ತೇಳು ಪ್ರವಾಸಿಗರು ಇಳಿದರು. ಅವರ ಹಿಂದೆ ಬೂದು ಬಣ್ಣದ ಕೋಟು ಹಾಕಿ, ಕಂಕುಳಲ್ಲಿ ಫೈಲು ಇಟ್ಟುಕೊಂಡ ನಲವತ್ತರ ಹೆಂಗಸೊಬ್ಬಳು ಇಳಿದಳು. ಆಕೆಯೇ ಅಧಿಕಾರಿ, ಮಿಸ್ ಶೆರ್ರಿ. ಚೆನ್ಸು ಆಕೆಗೆ ಕಾಫಿ, ಕಡಲೆ ತುಂಬಿದ ಬಿಸಿ ಪಫ್ ತಂದಿಟ್ಟ. ಆಕೆ ಎರಡನ್ನೂ ಮುಗಿಸಿ, ಬಾಯಿ ಒರೆಸಿ, ದುಡ್ಡು ಕೊಟ್ಟೇ ಎದ್ದಳು. ಅದನ್ನು ನೋಡಿ ಊರವರಿಗೆ ಅರ್ಧ ಜೀವ ಹೋಯಿತು.

ಆಕೆ ಚರ್ಚಿನ ಮುಂದೆ ನಿಂತು ತಲೆಯೆತ್ತಿದಳು. ಎಡಗಡಿಯಾರ ನೋಡಿದಳು. ಬಲಗಡಿಯಾರ ನೋಡಿದಳು. ತನ್ನ ಕೈಗಡಿಯಾರ ನೋಡಿದಳು. ಬೆಂಚಿನ ಮೇಲೆ ಸಾಲ್ವು ತಾತ ಶಿಲುಬೆ ಎದೆಗೊತ್ತಿಕೊಂಡು ಕೆನ್ನೆ ಉಬ್ಬಿಸಿ ಉಸಿರು ಹಿಡಿದ. ನಾಲ್ಕು ಹತ್ತು.

"ಭೇಷ್!" ಎಂದಳು ಮಿಸ್ ಶೆರ್ರಿ. "ರಿಪೇರಿ ಮಾಡ್ಸಿದ್ದೀರಾ!"

ಲೇಲಿ ಸುತ್ತಿಗೆಯನ್ನು ಬೆನ್ನ ಹಿಂದೆ ಸರಿಸಿದ.

"ನಿಜ ಹೇಳ್ತೀನಿ ಪಾದ್ರಿಗಳೇ, ನಾನು ಇವತ್ತು ಬಂದಿದ್ದು ಈ ನಿಲುಗಡೆ ತೆಗೆದುಹಾಕೋಕೆ. ನಮಗೆ ಎಷ್ಟು ದೂರು ಬಂದಿವೆ ಗೊತ್ತಾ?" ಆಕೆ ಫೈಲು ತೆರೆದಳು. "ಎಲ್ಲಾ ಒಂದೇ ಕತೆ. ಜನ ಆ ಎಡಗಡಿಯಾರ ನೋಡ್ತಾರೆ, ಇನ್ನೂ ನಾಲ್ಕು ಹತ್ತು, ಬಸ್ಸಿಗೆ ಇಪ್ಪತ್ತು ನಿಮಿಷ ಇದೆ ಅನ್ಕೊಂಡು ಬಂಡೆ ಕಡೆ ಹೋಗ್ತಾರೆ. ವಾಪಸ್ ಬರೋ ಹೊತ್ತಿಗೆ ಬಸ್ ಇಲ್ಲ, ಹಡಗು ಇಲ್ಲ, ಮರುದಿನದ ವಿಮಾನವೂ ಇಲ್ಲ. ಹೊಸದಾಗಿ ಮದುವೆಯಾದ ಜೋಡಿಯೊಂದು ಇಲ್ಲೇ ಜಗಳ ಆಡಿ ವಿಚ್ಛೇದನ ತಗೊಂಡಿದೆ. ಕೆಟ್ಟ ಗಡಿಯಾರ ಇರೋ ಊರಲ್ಲಿ ಬಸ್ ನಿಲ್ಲಿಸೋದು ಬೇಡ ಅಂತ ನಮ್ಮ ತೀರ್ಮಾನ ಆಗಿತ್ತು. ಈಗ ಸರಿಯಾಗಿದೆಯಲ್ಲ, ಸಂತೋಷ. ಒಂದು ಹತ್ತು ನಿಮಿಷ ನೋಡ್ತೀನಿ, ಆಮೇಲೆ ಸಹಿ ಹಾಕ್ತೀನಿ."

ಹತ್ತು ನಿಮಿಷ! ಬಲಗಡಿಯಾರದ ಮುಳ್ಳು ಆಗಲೇ ನಾಲ್ಕು ಹನ್ನೊಂದಕ್ಕೆ ಸರಿಯುವುದರಲ್ಲಿತ್ತು. ಎಡಗಡಿಯಾರ ಹೆಣದ ಹಾಗೆ ತಣ್ಣಗಿತ್ತು.

"ಮೇಡಂ, ಇಲ್ಲಿ ಲೇಸ್ ನೋಡಿ, ಕೈಯಲ್ಲೇ ಹೆಣೆದದ್ದು," ಎಂದು ಪಾವ್ಲಾ ಆಕೆಯ ಕಣ್ಣ ಮುಂದೆ ಮೇಜುಹೊದಿಕೆಯೊಂದನ್ನು ಪರದೆಯಂತೆ ಹರಡಿ ಹಿಡಿದಳು. ಹಿಡಿದುಕೊಂಡೇ ಹಲ್ಲು ಕಚ್ಚಿ ಗಂಡನಿಗೆ ಹೇಳಿದಳು: "ಓಡು! ಮೇಲೆ ಓಡು! ಕೈಯಲ್ಲಿ ತಿರುಗಿಸು! ಒಂದೊಂದು ನಿಮಿಷಕ್ಕೂ ನಾನು ಕರವಸ್ತ್ರ ಬೀಸ್ತೀನಿ!"

ವಿಸ್ಟಿನ್ ಓಡಿದ. ಅವತ್ತು ಆರನೇ ಸಲ ತೊಂಬತ್ತೆರಡು ಮೆಟ್ಟಿಲು. ಅರವತ್ತನೇ ಮೆಟ್ಟಿಲಲ್ಲಿ ಎಣ್ಣೆ ನೆಕ್ಕುತ್ತ ಕೂತಿದ್ದ ಬೆಕ್ಕೊಂದನ್ನು ತುಳಿದ. ಬೆಕ್ಕು ಒಂದು ಕಡೆ, ಅವನು ಒಂದು ಕಡೆ. ಮಂಡಿ ತರಚಿ, ಕುಂಟುತ್ತ ಮೇಲೆ ತಲುಪಿ, ಚಕ್ರ ಹಿಡಿದು, ಕಿಂಡಿಯಿಂದ ಕೆಳಗೆ ನೋಡಿದ. ಪಾವ್ಲಾ ಕರವಸ್ತ್ರವನ್ನು ಮೂರು ಸಲ ಬೀಸಿದಳು. ಮೂರು ನಿಮಿಷ ತಳ್ಳಿದ.

"ಅದೇನು, ಮುಳ್ಳು ಹಾರಿದ ಹಾಗಾಯ್ತಲ್ಲ?" ಮಿಸ್ ಶೆರ್ರಿ ಲೇಸು ಸರಿಸಿ ಮೇಲೆ ನೋಡಿದಳು.

"ಹಳೇ ಗಡಿಯಾರ ಮೇಡಂ," ಎಂದ ಲೇಲಿ. "ಈ ವಯಸ್ಸಿಗೆ ಒಂದೊಂದೇ ಹೆಜ್ಜೆ ಇಡೋಕಾಗಲ್ಲ, ತಡೆದು ತಡೆದು ಇಡುತ್ತೆ. ನಮ್ಮ ತಾತನ್ನ ನೋಡಿ."

ತಾತ ಆಗತಾನೆ ಉಸಿರು ಬಿಟ್ಟು ಏದುಸಿರು ಹಾಕುತ್ತಿದ್ದ. ಮಿಸ್ ಶೆರ್ರಿ ಒಪ್ಪಿದಂತೆ ತಲೆಯಾಡಿಸಿದಳು.

ಹದಿನಾಲ್ಕು. ಹದಿನೈದು. ಹದಿನಾರು. ಕರವಸ್ತ್ರ ಬೀಸಿದಾಗಲೆಲ್ಲ ವಿಸ್ಟಿನ್ ತಳ್ಳಿದ. ಅವನ ಮೂಗಿನ ತುದಿಯಿಂದ ಬೆವರು ಚಕ್ರದ ಮೇಲೆ ತೊಟ್ಟಿಕ್ಕುತ್ತಿತ್ತು. ನಾಲ್ಕು ಇಪ್ಪತ್ತಕ್ಕೆ ಕೆಳಗೆ ಮಿಸ್ ಶೆರ್ರಿ ಪೆನ್ನು ತೆಗೆದಳು. ಕಾಗದಕ್ಕೆ ಸಹಿ ಹಾಕಿ ದುನ್ ಆಂಜ್ ಕೈಗೆ ಕೊಟ್ಟಳು.

"ಇನ್ನೊಂದು ವರ್ಷ ಬಸ್ ನಿಲ್ಲುತ್ತೆ. ಆದರೆ ಒಂದು ಮಾತು ಪಾದ್ರಿಗಳೇ. ನಾವು ಹೇಳದೆ ಕೇಳದೆ ಯಾವತ್ತು ಬೇಕಾದ್ರೂ ಬಂದು ನೋಡ್ತೀವಿ. ಒಂದೇ ಒಂದು ದಿನ ಆ ಗಡಿಯಾರ ತಪ್ಪು ತೋರಿಸಿದ್ರೂ, ಮರುದಿನದಿಂದ ಬಸ್ಸು ಹೆಜ್ಜೆಗುರುತಿನ ಊರಿಗೆ."

"ನಮ್ಮ ವಿಸ್ಟಿನ್ ಇರೋವರೆಗೂ ಆ ಗಡಿಯಾರದ ಚಿಂತೆ ಬೇಡ," ಎಂದರು ದುನ್ ಆಂಜ್, ಧಾರಾಳವಾಗಿ.

ಊರೆಲ್ಲ ಕೈಕುಲುಕಿಕೊಂಡಿತು. ಚೆನ್ಸು ಲೇಲಿಯನ್ನು ತಬ್ಬಿಕೊಂಡ. ಪಾವ್ಲಾ ಅಳುತ್ತ ಅದೇ ಕರವಸ್ತ್ರದಲ್ಲಿ ಮೂಗು ಒರೆಸಿದಳು. ಮೇಲೆ ವಿಸ್ಟಿನ್ ಅದನ್ನೂ ಸನ್ನೆಯೆಂದುಕೊಂಡು ಇನ್ನೊಂದು ನಿಮಿಷ ತಳ್ಳಿ, ಅವಳು ಬೈದ ಮೇಲೆ ಹಿಂದಕ್ಕೆ ತಂದ.

ಆಗ ನಾಲ್ಕು ಇಪ್ಪತ್ತೈದು. ಬಂಡೆಯ ದಾರಿ ಹಿಡಿದಿದ್ದ ಪ್ರವಾಸಿಗರು ಒಬ್ಬೊಬ್ಬರೇ ಹಿಂದಿರುಗಿ ಗಡಿಯಾರ ನೋಡಿದರು. "ಅಯ್ಯೋ, ಐದೇ ನಿಮಿಷ!" ಎಂದು ಬಿರಬಿರನೆ ವಾಪಸ್ಸು ಬಂದರು. ಹೋಟೆಲಿನ ಮೇಜಿಗೆ ಕೂತು ಊಟದ ಪಟ್ಟಿ ನೋಡುತ್ತಿದ್ದ ನಾಲ್ವರು ಗಡಿಯಾರ ನೋಡಿ ಎದ್ದರು. ಪಾವ್ಲಾಳ ಅಂಗಡಿಯಲ್ಲಿ ಲೇಸು ಚೌಕಾಸಿ ಮಾಡುತ್ತಿದ್ದವಳು ಗಡಿಯಾರ ನೋಡಿ ಲೇಸು ಕೆಳಗಿಟ್ಟಳು. ಡ್ರೈವರ್ ತಲೆ ಎಣಿಸಿದ. ಅವನಿಗೆ ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಎಣಿಸಿದ. ಇಪ್ಪತ್ತೇಳು, ಮಿಸ್ ಶೆರ್ರಿ ಸೇರಿ ಇಪ್ಪತ್ತೆಂಟು. ಅವನ ನೌಕರಿಯಲ್ಲಿ ಮೊದಲ ಸಲ ಎಲ್ಲ ಸೀಟೂ ತುಂಬಿ, ಸರಿಯಾಗಿ ನಾಲ್ಕೂವರೆಗೆ ಬಸ್ಸು ಹೊರಟಿತು.

ಊರವರು ಕೈಬೀಸಿ ಬೀಳ್ಕೊಟ್ಟರು. ಧೂಳು ಇಳಿಯಿತು. ಬೀಸುತ್ತಿದ್ದ ಕೈಗಳು ನಿಧಾನವಾಗಿ ಕೆಳಗಿಳಿದವು.

ಚೌಕ ಖಾಲಿಯಾಗಿತ್ತು. ಅಷ್ಟು ಖಾಲಿ ಚೌಕವನ್ನು ಆ ಹೊತ್ತಿನಲ್ಲಿ ಯಾರೂ ನೋಡಿರಲಿಲ್ಲ.

"ಯಾರೂ ತಪ್ಪಿಸ್ಕೊಳ್ಳಲಿಲ್ವಲ್ಲ?" ಎಂದ ಲೇಲಿ, ಟ್ಯಾಕ್ಸಿಯ ಕೀಲಿ ಬೆರಳಲ್ಲಿ ತಿರುಗಿಸುವುದನ್ನು ನಿಲ್ಲಿಸಿ. ದಿನಾ ಈ ಹೊತ್ತಿಗೆ ಹಡಗುಕಟ್ಟೆಗೆ ಇಬ್ಬರು ಮೂವರು ಅವನ ಕಾಲು ಹಿಡಿಯುತ್ತಿದ್ದರು.

"ನಾನು ಎರಡು ಮೊಲ ಬೇಯೋಕೆ ಇಟ್ಟಿದ್ದೀನಿ," ಎಂದ ಚೆನ್ಸು. "ದೊಡ್ಡವು. ವೈನ್ ಹಾಕಿ."

"ಮಹಡಿ ಮೇಲೆ ಎರಡು ಕೋಣೆಗ್ಳಿಗೂ ಹೊಸ ಹೊದಿಕೆ ಹಾಕಿದ್ದೀನಿ," ಎಂದಳು ಪಾವ್ಲಾ. ಅವಳ ದನಿ ಸಣ್ಣದಾಗಿತ್ತು. "ಇವತ್ತು ಒಂದು ಅಯಸ್ಕಾಂತ ಕೂಡ ಹೋಗ್ಲಿಲ್ಲ. ಗಡಿಯಾರದಲ್ಲಿ ಬೇರೆ ಟೈಮಿದೆ, ಇದ್ಯಾವ ಗಡಿಯಾರ ಅಂತ ಕೇಳಿದ್ರು."

ಪ್ರವಾಸಿಗರಿಗೆ ಬುದ್ಧಿಯಿಲ್ಲವೆಂದು ಇಷ್ಟು ವರ್ಷ ನಕ್ಕವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ, ಹೇಳಿಕೊಟ್ಟ ಹಾಗೆ, ತಲೆಯೆತ್ತಿ ಎಡಗೋಪುರ ನೋಡಿದರು.

ಕಿಂಡಿಯಲ್ಲಿ ವಿಸ್ಟಿನ್‌ನ ಮುಖ ಕಂಡಿತು.

"ವಿಸ್ಟಿನ್!" ಪಾವ್ಲಾ ಕೂಗಿದಳು. "ನಾಲ್ಕು ಹತ್ತಕ್ಕೆ ತಂದು ನಿಲ್ಲಿಸು! ಈಗ್ಲೇ!"

"ನಿಲ್ಲಿಸಿದ್ರೆ ಬಸ್ಸಿಲ್ಲ!" ದುನ್ ಆಂಜ್ ಸಹಿ ಮಾಡಿದ ಕಾಗದ ಆಡಿಸಿದರು. "ನಾಳೇನೇ ಬಂದು ನೋಡಿದ್ರೆ? ತಳ್ಳುತ್ತಾ ಇರು ನೀನು! ಬೆಳಿಗ್ಗೆಯಿಂದ ಸಂಜೆವರೆಗೆ!"

"ತಳ್ಳಿದ್ರೆ ನಾವು ತಿನ್ನೋದೇನು?" ಎಂದ ಚೆನ್ಸು.

"ತಳ್ಳದಿದ್ರೆ ನಾನು ತಿನ್ನೋದೇನು?" ಎಂದ ವಿಸ್ಟಿನ್ ಮೇಲಿನಿಂದ. ಆಗಿದ್ದೆಲ್ಲ ಯಾರ ತಪ್ಪು ಎಂಬ ವಿಷಯದಲ್ಲಿ ಊರು ಎಂದಿನಂತೆ ಒಂದಾಯಿತು. ಲೇಲಿ ಸುತ್ತಿಗೆಯನ್ನು ಸದ್ದಿಲ್ಲದೆ ಟ್ಯಾಕ್ಸಿಯ ಡಿಕ್ಕಿಗೆ ಹಾಕಿದ. ಬೈಗುಳ ಮುಗಿಯಲು ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ವಿಸ್ಟಿನ್ ಹದಿನೈದು ಸಲ ತಳ್ಳಿದ.

ಎಲ್ಲರೂ ಮನೆಗೆ ಹೋದರು. ಬೆಂಚಿನ ಮೇಲೆ ಸಾಲ್ವು ತಾತ ಒಬ್ಬನೇ ಉಳಿದ. ಅವನು ಶಿಲುಬೆಯನ್ನು ಜೇಬಿಗೆ ಹಾಕಿ ಗೋಪುರದ ಕಡೆ ಮುಖ ಮಾಡಿದ.

"ವಿಸ್ಟಿನ್, ಸೈತಾನ ನಾಲ್ಕು ಹತ್ತಕ್ಕೇ ಬಂದಿದ್ದ ಅಲ್ವೇನೋ? ಬೂದು ಕೋಟು ಹಾಕ್ಕೊಂಡು?"

"ಹೂಂ ತಾತ."

"ಹೋದ್ನಾ?"

"ನಾಲ್ಕೂವರೆ ಬಸ್ಸಿಗೆ."

ತಾತ ತನ್ನ ಕೈಕಾಲು ಮುಟ್ಟಿ ನೋಡಿಕೊಂಡ.

"ನಾನಂತೂ ಇಲ್ಲೇ ಇದ್ದೀನಿ. ಮತ್ತೆ ಯಾರ್ನ ಎತ್ಕೊಂಡು ಹೋದ?"

ವಿಸ್ಟಿನ್ ಮುಳ್ಳನ್ನು ಇನ್ನೊಂದು ನಿಮಿಷ ಮುಂದಕ್ಕೆ ತಳ್ಳಿದ.

"ಎಲ್ಲರನ್ನೂ ತಾತ. ಒಬ್ಬರನ್ನೂ ಬಿಡಲಿಲ್ಲ."